ಹತ್ತುವ ಮೊದಲು ಇಳಿಯುವ ದಾರಿ ನೋಡಿ: ಶೆಡ್ ಕೆಲಸಕ್ಕೆ ಲೋಡರ್, ಬೂಮ್ ಲಿಫ್ಟ್ ಬಳಸುವವರಿಗೆ

ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರದ ಒಂದು ಒಣದ್ರಾಕ್ಷಿ ಶೆಡ್. ಜನವರಿ ಮುಗಿಯುತ್ತಾ ಬಂದಿತ್ತು. ಹಣ್ಣು ಕಟಾವಿಗೆ ಬರುವುದರೊಳಗೆ ಮೇಲಿನ ನಾಲ್ಕು ತಗಡು ಬದಲಿಸಬೇಕಿತ್ತು. ನಮ್ಮ ಏಣಿ ಎಟುಕಲಿಲ್ಲ. ಅಂಗಳದಲ್ಲಿ ಲೋಡರ್ ಕಟ್ಟಿದ ಟ್ರ್ಯಾಕ್ಟರ್ ನಿಂತಿತ್ತು. "ಬಕೆಟ್‌ನ್ಯಾಗ ನಿಂದರ್ರಿ ಅಣ್ಣಾರ, ಐದು ನಿಮಿಷದ ಕೆಲಸ ಐತಿ" ಅಂದ ಡ್ರೈವರ್. ನಾನೂ ನಿಂತೆ.

ಎರಡಾಳೆತ್ತರ ಹೋಗಿದ್ದೆ. ಸ್ಕ್ರೂ ಹಾಕಲು ಡ್ರಿಲ್ ಒತ್ತಿದೆ. ಕಾಲ ಕೆಳಗಿನ ಬಕೆಟ್ ಮುಂದಕ್ಕೆ ಬಾಗಿತು. ಜಾಸ್ತಿ ಇಲ್ಲ, ಒಂದು ಗೇಣು. ಡ್ರೈವರ್ ಜೇಬಿನಿಂದ ಫೋನ್ ತೆಗೆಯಲು ಹೊರಳಿದಾಗ ಅವನ ಹೆಗಲ ಮೇಲಿನ ಟವೆಲ್ ಲಿವರ್‌ಗೆ ಸಿಕ್ಕಿತ್ತು, ಅಷ್ಟೇ. ಬಕೆಟ್ ತಳ ಗೊಬ್ಬರ ಎತ್ತಿ ಎತ್ತಿ ಕನ್ನಡಿಯಂತೆ ನುಣುಪಾಗಿತ್ತು. ಹಿಡಿಯಲು ಏನೂ ಇಲ್ಲ. ಕೈಗೆ ಸಿಕ್ಕಿದ್ದು ತಗಡಿನ ಅಂಚು. ಅದನ್ನೇ ಹಿಡಿದೆ. ಆ ಅಂಚು ಕೊರೆದ ಗೆರೆ ಇವತ್ತಿಗೂ ಬಲಗೈ ಅಂಗೈಯಲ್ಲಿದೆ. "ಇಳಸೋ" ಅಂತ ಎಷ್ಟು ಕೂಗಿದರೂ ಎಂಜಿನ್ ಸದ್ದಿನಲ್ಲಿ ಅವನಿಗೆ ಕೇಳಿಸಲೇ ಇಲ್ಲ.

ಮೇಲೆ ಹೋಗುವುದನ್ನು ನಾವಿಬ್ಬರೂ ಯೋಚಿಸಿದ್ದೆವು. ಇಳಿಯುವುದನ್ನು ಯಾರೂ ಯೋಚಿಸಿರಲಿಲ್ಲ. ಈಗ ಯಾವ ಶೆಡ್‌ಗೆ ಹೋದರೂ ನಾನು ಮೊದಲು ಕೇಳುವುದು ಅದನ್ನೇ. ಯಂತ್ರ ಕೆಟ್ಟರೆ ಇಳಿಯೋದು ಹೇಗೆ? ಮೇಲಿದ್ದವನಿಗೆ ತಲೆ ಸುತ್ತಿದರೆ ಇಳಿಸೋರು ಯಾರು?

ಬಕೆಟ್ ಯಾಕೆ ಬೇಡ

ಲೋಡರ್ ಇರುವುದು ಗೊಬ್ಬರ, ಮಣ್ಣು, ಗರಸು ಎತ್ತಲು. ಅದರ ತೋಳುಗಳನ್ನು ಮೇಲೆ ಹಿಡಿದಿರುವುದು ಸಿಲಿಂಡರ್ ಒಳಗಿನ ಎಣ್ಣೆ. ಹೋಸ್ ಒಡೆದರೆ ಎಣ್ಣೆ ಹೊರಗೆ, ಬಕೆಟ್ ಕೆಳಗೆ. ಜನರನ್ನು ಎತ್ತಲೆಂದೇ ಮಾಡಿದ ಯಂತ್ರದಲ್ಲಿ ಸಿಲಿಂಡರ್‌ಗೇ ಒಂದು ಹೋಲ್ಡಿಂಗ್ ವಾಲ್ವ್ ಕೂತಿರುತ್ತದೆ. ಹೋಸ್ ಹರಿದರೂ ಎಣ್ಣೆ ಅಲ್ಲೇ ನಿಲ್ಲುತ್ತದೆ, ತೋಳು ಬೀಳುವುದಿಲ್ಲ. ನಮ್ಮ ಹೊಲದ ಲೋಡರ್‌ಗಳಲ್ಲಿ ಸಾಮಾನ್ಯವಾಗಿ ಅದಿಲ್ಲ. ಸೀಲ್ ಸವೆದಿದ್ದರೆ ಹೋಸ್ ಒಡೆಯುವುದೂ ಬೇಡ. ಸಂಜೆ ಎತ್ತಿ ನಿಲ್ಲಿಸಿದ ಬಕೆಟ್ ಬೆಳಿಗ್ಗೆ ನೆಲಕ್ಕೆ ಕೂತಿರುವುದನ್ನು ನೀವೇ ನೋಡಿರುತ್ತೀರಿ, ಅಲ್ವಾ?

ಇನ್ನೊಂದು ಓರೆಯ ಸಮಸ್ಯೆ. ಸಾದಾ ಲೋಡರ್‌ನಲ್ಲಿ ತೋಳು ಏರಿದಂತೆ ಬಕೆಟ್ ಹಿಂದಕ್ಕೆ ವಾಲುತ್ತದೆ. ಡ್ರೈವರ್ ಅದನ್ನು ಲಿವರ್‌ನಿಂದ ಸರಿ ಮಾಡುತ್ತಾ ಹೋಗಬೇಕು. ಕೆಳಗೆ ಕೂತವನಿಗೆ ಮೇಲಿನ ಬಕೆಟ್‌ನ ತಳ ಮಾತ್ರ ಕಾಣುತ್ತದೆ, ನಿಮ್ಮ ಕಾಲು ಕಾಣುವುದಿಲ್ಲ. ಸ್ವಲ್ಪ ಜಾಸ್ತಿ ಸರಿ ಮಾಡಿದರೆ ನೀವು ಹೊರಗೆ.

ಜಾತ್ರೆಗೆ ಲೈಟಿನ ಸರ ಕಟ್ಟಲು, ಮೆರವಣಿಗೆಯಲ್ಲಿ ಹೂ ಸುರಿಯಲು ಜೆಸಿಬಿ ಬಕೆಟ್ ಹತ್ತುವುದು ನಮ್ಮ ಕಡೆ ರೂಢಿಯೇ ಆಗಿಬಿಟ್ಟಿದೆ. ರೂಢಿ ಆಯಿತು ಅಂತ ಬಕೆಟ್ ಹಿಡಿದಿರುವ ಪಿನ್ ಗಟ್ಟಿ ಆಗುವುದಿಲ್ಲ. ಬಕೆಟ್ ಸುತ್ತ ಕಂಬಿ ಬೆಸೆದು ಪಂಜರ ಮಾಡಿಕೊಡಿ ಅಂತ ನನ್ನ ವರ್ಕ್‌ಶಾಪಿಗೇ ಬರುತ್ತಾರೆ. ಮಾಡಿಕೊಡುವುದಿಲ್ಲ. ಪಂಜರದಿಂದ ನೀವು ಬೀಳದಂತೆ ನಾನು ತಡೆಯಬಹುದು. ಪಂಜರದ ಸಮೇತ ಬೀಳುವುದನ್ನು ಹೇಗೆ ತಡೆಯಲಿ?

ಹೆಜ್ಜೆ 1: ಕೆಲಸಕ್ಕೆ ತಕ್ಕ ಯಂತ್ರ

ಮೊದಲು ಯೋಚಿಸಬೇಕಾದ್ದು, ಈ ಕೆಲಸ ನೆಲದ ಮೇಲೇ ಆಗುತ್ತದೆಯಾ ಎಂದು. ಕೊಂಬೆಗೆ ಉದ್ದ ಕೋಲಿನ ಗರಗಸ ಇದೆ. ದೀಪದ ಫ್ರೇಮನ್ನು ಕೆಳಗೇ ಜೋಡಿಸಿ ಎತ್ತಬಹುದು. ಆಗದಿದ್ದರೆ ಮಾತ್ರ ಯಂತ್ರ.

ಗಟ್ಟಿ ಕಾಂಕ್ರೀಟ್ ನೆಲ, ನೇರ ಮೇಲಕ್ಕೆ ಕೆಲಸ ಇದ್ದರೆ ಕತ್ತರಿಯಂಥ ಕಾಲುಗಳ ಮೇಲೆ ಏರುವ ಸಿಸರ್ ಲಿಫ್ಟ್ ಸಾಕು. ಕೆಳಗೆ ಒಣದ್ರಾಕ್ಷಿಯ ಬಲೆ ಹಂತಗಳಿವೆ, ಅವುಗಳನ್ನು ದಾಟಿ ತಗಡು ಮುಟ್ಟಬೇಕು ಅಂದರೆ ಬೂಮ್ ಲಿಫ್ಟ್ ಬೇಕು, ಮಡಚುವ ತೋಳಿನ ತುದಿಯಲ್ಲಿ ಜನ ನಿಲ್ಲುವ ಬುಟ್ಟಿ ಇರುವಂಥದ್ದು. ಹೊರಗೆ, ಹೊಲದ ನೆಲದಲ್ಲಿ ನಾಲ್ಕೂ ಚಕ್ರ ಎಳೆಯುವ ಡೀಸೆಲ್ ಬೂಮ್ ತರಿಸಿ. ಟ್ರ್ಯಾಕ್ಟರ್ ಮೇಲೇ ಕೂರಿಸಿದ ಪ್ಲಾಟ್‌ಫಾರ್ಮ್ ಕೂಡ ಇದೆ. ಬೀದಿ ದೀಪ ರಿಪೇರಿಗೆ ಬರುವ ಸ್ಕೈ ಲಿಫ್ಟ್ ನೋಡಿದ್ದೀರಲ್ಲ, ಅಂಥದ್ದು. ಅದು ಲೋಡರ್ ಅಲ್ಲ, ಜನರಿಗಾಗಿಯೇ ಮಾಡಿದ್ದು.

ವ್ಯತ್ಯಾಸ ಕಂಡುಹಿಡಿಯುವುದು ಸುಲಭ. ಬುಟ್ಟಿಯಲ್ಲಿ ನಿಂತವನ ಕೈಯಲ್ಲೇ ಕಂಟ್ರೋಲ್ ಇರಬೇಕು, ಕೆಳಗೂ ಒಂದು ಇರಬೇಕು. ಎರಡೂ ಕಡೆ ಕೆಂಪು ಸ್ಟಾಪ್ ಗುಂಡಿ. ಎಷ್ಟು ಕೆಜಿ, ಎಷ್ಟು ಜನ ಅಂತ ಬರೆದ ಪ್ಲೇಟ್. ಸೊಂಟಕ್ಕಿಂತ ಮೇಲೆ ಬರುವ, ಸುಮಾರು 1.1 ಮೀಟರ್ ಎತ್ತರದ ಕಟಕಟೆ, ನಡುವೆ ಇನ್ನೊಂದು ಕಂಬಿ, ಕಾಲ ಬಳಿ ಸಾಮಾನು ಜಾರದಂತೆ ಪಟ್ಟಿ. ಬೆಲ್ಟ್ ಸಿಕ್ಕಿಸಲು ಗುರುತು ಮಾಡಿದ ಕೊಕ್ಕೆ. ಇವುಗಳಲ್ಲಿ ಒಂದು ಇಲ್ಲದಿದ್ದರೂ ವಾಪಸ್ ಕಳಿಸಿ.

ಹೆಜ್ಜೆ 2: ಬಾಡಿಗೆಗೆ ತರುವಾಗ

ಬೆಳಗಾವಿಯ ಉದ್ಯಮಬಾಗ್‌ನಂಥ ಕೈಗಾರಿಕೆ ಇರುವ ಕಡೆ ವಿಚಾರಿಸಿದರೆ ಬಾಡಿಗೆ ಯಂತ್ರದ ದಾರಿ ಸಿಗುತ್ತದೆ. ದರ ಮಾತಾಡುವ ಮೊದಲು ಶೆಡ್‌ನ ಎತ್ತರ, ಗೋಡೆಯಿಂದ ಎಷ್ಟು ಒಳಗೆ ಚಾಚಬೇಕು, ನೆಲ ಎಂಥದ್ದು, ಗೇಟ್ ಎಷ್ಟು ಅಗಲ, ಇಷ್ಟನ್ನು ಟೇಪ್ ಹಿಡಿದು ಅಳೆದುಕೊಂಡಿರಿ. "ನಲವತ್ತು ಫೂಟ್ ಇರಬೇಕು" ಅನ್ನುವುದು ಅಳತೆಯಲ್ಲ.

ಕೊನೆಯ ತಪಾಸಣೆ ಯಾವಾಗ ಆಯಿತು, ಆಪರೇಟರ್ ಆ ಯಂತ್ರದ ಮೇಲೆ ತರಬೇತಿ ಪಡೆದವನೇ, ಕಾಗದ ತೋರಿಸಿ ಅನ್ನಿ. ಕೇಳಲು ಸಂಕೋಚ ಬೇಡ. ಎತ್ತು ಕೊಳ್ಳುವಾಗ ಹಲ್ಲು ನೋಡುವುದಿಲ್ಲವೇ?

ಹೆಜ್ಜೆ 3: ನೆಲ

ಇದರ ಮೇಲೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಮ್ಮ ಭಾಗದಲ್ಲಿ ನೆಲ ಮೋಸ ಮಾಡುವಷ್ಟು ಯಂತ್ರ ಮೋಸ ಮಾಡುವುದಿಲ್ಲ.

ಡೋಣಿ ನದಿ ದಂಡೆಯ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಬೇಸಿಗೆಯಲ್ಲಿ ಕಲ್ಲಿನಂತೆ ಕಾಣುತ್ತದೆ. ಆದರೆ ಮೈತುಂಬ ಬಿರುಕು. ಕೆಲವು ಬಿರುಕಿನಲ್ಲಿ ಕೈ ಮೊಣಕೈವರೆಗೆ ಇಳಿಯುತ್ತದೆ. ಒಂದು ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ ಹಿಟ್ಟಾಗುತ್ತದೆ. 13–14 ಮೀಟರ್ ಏರುವ ಡೀಸೆಲ್ ಬೂಮ್ ಲಿಫ್ಟ್ ಹೆಚ್ಚುಕಡಿಮೆ 6–7 ಟನ್ ಇರುತ್ತದೆ. ತೋಳು ಒಂದು ಕಡೆ ಚಾಚಿದಾಗ ಭಾರ ನಾಲ್ಕು ಚಕ್ರಕ್ಕೆ ಸಮನಾಗಿ ಹಂಚಿಹೋಗುವುದಿಲ್ಲ. ಒಂದೇ ಚಕ್ರದ ಮೇಲೆ ಅರ್ಧದಷ್ಟು ಬರಬಹುದು. ಆ ಚಕ್ರದ ಕೆಳಗೆ ನಾಲ್ಕು ಬೆರಳು ಮಣ್ಣು ಕುಸಿದರೆ, ಮೇಲಿನ ಬುಟ್ಟಿ ಮೊಳಗಟ್ಟಲೆ ವಾಲುತ್ತದೆ.

ಹಿಂದಿನ ದಿನವೇ ಹಾರೆ ಹಿಡಿದು ನಡೆಯಿರಿ. ಯಂತ್ರ ನಿಲ್ಲುವ ಕಡೆ, ಓಡಾಡುವ ದಾರಿ, ಎಲ್ಲ ಕಡೆ ಚುಚ್ಚಿ ನೋಡಿ. ಹಾರೆ ಸುಲಭವಾಗಿ ಇಳಿದರೆ ಅಲ್ಲಿ ಏನೋ ಇದೆ. ದ್ರಾಕ್ಷಿ ತೋಟದಲ್ಲಿ ಡ್ರಿಪ್‌ನ ಮೇನ್ ಪೈಪ್ ಹೂತ ಕಾಲುವೆ ಇರುತ್ತದೆ, ಮೇಲಿನಿಂದ ಗೊತ್ತಾಗುವುದಿಲ್ಲ. ಮುಚ್ಚಿದ ಶೌಚದ ಗುಂಡಿ, ಹಳೆಯ ಬಾವಿ, ಕೃಷಿ ಹೊಂಡದ ಏರಿ, ಹಣ್ಣು ಅದ್ದುವ ತೊಟ್ಟಿಯ ಅಂಚು, ಇವುಗಳನ್ನು ಮನೆಯ ಹಿರಿಯರನ್ನು ಕೇಳಿ ತಿಳಿದುಕೊಳ್ಳಿ. "ಕಾಕಾ, ಇಲ್ಲಿ ಮೊದಲ ಏನಿತ್ತರಿ?" ಅಂತ ಕೇಳಿದ್ದಕ್ಕೆ ಒಮ್ಮೆ ನನಗೆ ಮುಚ್ಚಿದ ಹಗೇವು ಗೊತ್ತಾಯಿತು. ಹಗೇವು ಅಂದರೆ ಜೋಳ ತುಂಬಿಡುವ ನೆಲದ ಗುಂಡಿ. ಈಗಿನ ಹುಡುಗರಿಗೆ ಹೆಸರೂ ಗೊತ್ತಿಲ್ಲ, ಆದರೆ ಗುಂಡಿ ಇನ್ನೂ ಅಲ್ಲೇ ಇದೆ.

ಮಡ್ಡಿ ನೆಲ, ಗರಸು ಹಾಕಿ ರೋಲರ್ ಹೊಡೆದ ಅಂಗಳ ಆದರೆ ಚಿಂತೆ ಕಡಿಮೆ. ಎರಿ ನೆಲದಲ್ಲಿ ದಪ್ಪ ಕಬ್ಬಿಣದ ಪ್ಲೇಟ್ ಅಥವಾ ಮರದ ದಿಮ್ಮಿ ಹಾಸಿ. ಯಂತ್ರಕ್ಕೆ ಔಟ್‌ರಿಗ್ಗರ್, ಅಂದರೆ ವಾಲದಂತೆ ಪಕ್ಕಕ್ಕೆ ಚಾಚಿ ಊರುವ ಕಾಲುಗಳಿದ್ದರೆ ಎಲ್ಲವನ್ನೂ ಪೂರ್ತಿ ಬಿಡಿಸಿ, ಪ್ರತಿಯೊಂದರ ಕೆಳಗೂ ಹಲಗೆ ಇಡಿ. ಇಟ್ಟಿಗೆ ಚೂರು, ಒಡೆದ ಬ್ಲಾಕ್ ಇಡುವವರಿದ್ದಾರೆ. ಬೇಡ, ಅದು ಸೀಳಿ ಹೋಗುತ್ತದೆ. ಎರಿ ಹೊಲದಲ್ಲಿ ಮಳೆ ಬಿದ್ದ ಮಾರನೇ ದಿನ ನಾನು ಯಂತ್ರ ಇಳಿಸುವುದೇ ಇಲ್ಲ.

ಇಳಿಜಾರಿನ ಮಿತಿ ಯಂತ್ರದ ಪ್ಲೇಟ್ ಮೇಲೆ ಇರುತ್ತದೆ. ವಾಲಿಕೆಯ ಅಲಾರಂ ಕೂಗಿದರೆ ಅದರ ವೈರ್ ಕೀಳುವುದಲ್ಲ. ಚಾಚಿದ ತೋಳನ್ನು ಒಳಗೆಳೆದು, ಇಳಿದು, ನೆಲ ಸರಿ ಮಾಡುವುದು.

ಹೆಜ್ಜೆ 4: ಕರೆಂಟ್ ತಂತಿ

ಬೂಮ್ ಲಿಫ್ಟ್ ಅಂದರೆ ಕಬ್ಬಿಣದ ರಾಶಿ. ಅದು ನಿಮ್ಮನ್ನು ಕರೆಂಟಿನಿಂದ ಕಾಯುವುದಿಲ್ಲ. ತಂತಿ ಮುಟ್ಟಲೇಬೇಕು ಅಂತಿಲ್ಲ, ಹೈ ವೋಲ್ಟೇಜ್ ತಂತಿಯ ತೀರಾ ಸಮೀಪ ಹೋದರೂ ಹಾರಿ ಬರುತ್ತದೆ. ಹೊಲದ ಮೇಲೆ ಹಾಯ್ದ 11 ಕೆವಿ ಲೈನ್‌ಗೆ ಬುಟ್ಟಿ, ತೋಳು, ಕೈಯಲ್ಲಿನ ತಗಡು ಯಾವುದೂ 3 ಮೀಟರ್‌ಗಿಂತ ಹತ್ತಿರ ಹೋಗಬಾರದು. ನಾನು ಅದರ ಎರಡು ಪಟ್ಟು ಬಿಡುತ್ತೇನೆ, ಏಕೆಂದರೆ ಗಾಳಿಗೆ ತಂತಿಯೂ ತೂಗುತ್ತದೆ, ಬುಟ್ಟಿಯೂ ತೂಗುತ್ತದೆ. ದೊಡ್ಡ ಟವರ್ ಲೈನ್ ಇದ್ದರೆ ಇನ್ನೂ ದೂರ.

"ಈಗ ಕರೆಂಟ್ ಇಲ್ಲ, ಮಾಡ್ರಿ" ಅನ್ನುವ ಮಾತನ್ನು ಯಾವತ್ತೂ ನಂಬಬೇಡಿ. ಪಂಪ್‌ಸೆಟ್‌ಗೆ ತ್ರೀ ಫೇಸ್ 7 ತಾಸು ಅಂತ ಪಾಳಿ ಇರುತ್ತದೆ, ಪಾಳಿ ಬದಲಾಗುತ್ತಲೇ ಇರುತ್ತದೆ. ತ್ರೀ ಫೇಸ್ ಹೋದರೂ ಸಿಂಗಲ್ ಫೇಸ್ ಇರಬಹುದು. ಪಕ್ಕದ ತೋಟದವರ ಜನರೇಟರ್‌ನಿಂದ ತಂತಿಗೆ ವಾಪಸ್ ಬರಲೂಬಹುದು. ಲೈನ್ ಹತ್ತಿರ ಕೆಲಸ ಇದ್ದರೆ ಕರೆಂಟ್ ಕಂಪನಿ ಹೆಸ್ಕಾಂನ ಶಾಖಾ ಕಚೇರಿಗೆ ಮೊದಲೇ ಅರ್ಜಿ ಕೊಟ್ಟು ಎಲ್‌ಸಿ (ಲೈನ್ ಕ್ಲಿಯರ್, ಲೈನ್ ಬಂದ್ ಮಾಡಿಕೊಡುವ ಅನುಮತಿ) ತೆಗೆದುಕೊಳ್ಳಬೇಕು. ಲೈನ್‌ಮನ್ ಬಂದು ಬಂದ್ ಮಾಡಿ, ಅರ್ಥಿಂಗ್ ಹಾಕಿದ್ದನ್ನು ಕಣ್ಣಾರೆ ನೋಡಿ ಆಮೇಲೆ ಹತ್ತಿ.

ಒಂದು ವೇಳೆ ತಂತಿ ತಾಗಿಬಿಟ್ಟರೆ ಬುಟ್ಟಿಯಲ್ಲಿರುವವರು ಅಲ್ಲೇ ಇರಬೇಕು. ಕೆಳಗಿನವರು ಯಂತ್ರ ಮುಟ್ಟದೆ ಕನಿಷ್ಠ 10 ಮೀಟರ್ ದೂರ ಸರಿಯಬೇಕು. 1912ಕ್ಕೆ ಫೋನ್ ಮಾಡಿ ಲೈನ್ ಬಂದ್ ಮಾಡಿಸಬೇಕು. ನೆಲದ ಮಟ್ಟದಲ್ಲಿ ಯಂತ್ರದ ಮೇಲಿದ್ದವನು ಬೆಂಕಿ ಹತ್ತಿ ಇಳಿಯಲೇಬೇಕಾಗಿ ಬಂದರೆ, ಎರಡೂ ಕಾಲು ಜೋಡಿಸಿ ದೂರ ಜಿಗಿಯಬೇಕು. ಯಂತ್ರ ಮತ್ತು ನೆಲ ಎರಡನ್ನೂ ಒಟ್ಟಿಗೆ ಮುಟ್ಟಬಾರದು. ಆಮೇಲೆ ಪಾದ ಎತ್ತದೆ ಚಿಕ್ಕ ಚಿಕ್ಕದಾಗಿ ಸರಿಯುತ್ತಾ ಹೋಗಬೇಕು.

ಹೆಜ್ಜೆ 5: ಬೆಳಗಿನ ಹತ್ತು ನಿಮಿಷ

ಯಂತ್ರದ ಸುತ್ತ ಒಂದು ಸುತ್ತು ಬನ್ನಿ. ಟೈರ್, ಚಕ್ರದ ನಟ್, ಪಿನ್‌ಗಳ ಲಾಕ್, ಬುಟ್ಟಿಯ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆಯೇ, ಬೆಸುಗೆಯಲ್ಲಿ ಬಿರುಕು. ನೆಲದ ಮೇಲೆ ಎಣ್ಣೆ ಕಲೆ ಇದ್ದರೆ ಎಲ್ಲಿಂದ ಅಂತ ಹುಡುಕಿ. ಆದರೆ ಹೋಸ್ ಮೇಲೆ ಕೈ ಆಡಿಸಬೇಡಿ. ಸೂಜಿ ಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮದೊಳಗೆ ನುಗ್ಗುತ್ತದೆ, ಬೆರಳೇ ಹೋಗಬಹುದು. ರಟ್ಟಿನ ತುಂಡು ಹಿಡಿದು ನೋಡಿ.

ಆಮೇಲೆ ಖಾಲಿ ಬುಟ್ಟಿಯನ್ನು ಕೆಳಗಿನ ಕಂಟ್ರೋಲ್‌ನಿಂದ ಏರಿಸಿ, ತಿರುಗಿಸಿ, ಇಳಿಸಿ. ಸ್ಟಾಪ್ ಗುಂಡಿ ಒತ್ತಿ ನಿಲ್ಲುತ್ತದೆಯಾ ನೋಡಿ. ಎಂಜಿನ್ ಬಂದ್ ಮಾಡಿ, ತುರ್ತು ಇಳಿಕೆಯ ಪಂಪ್‌ನಿಂದ ಇಳಿಸಿ ನೋಡಿ. ಇದನ್ನು ಬಿಟ್ಟು ಮೇಲೆ ಹೋಗುವುದಾದರೆ ಉಳಿದದ್ದೆಲ್ಲ ಮಾಡಿದ್ದೂ ಸುಮ್ನೆ.

ಒಣದ್ರಾಕ್ಷಿ ಶೆಡ್‌ನವರಿಗೆ ಒಂದು ಮಾತು. ಹಣ್ಣು ಅದ್ದುವ ಡಿಪ್ಪಿಂಗ್ ಆಯಿಲ್ ನೆಲದ ಮೇಲೆ ಚೆಲ್ಲಿರುತ್ತದೆ. ಆ ಕಾಲಲ್ಲೇ ಬುಟ್ಟಿ ಹತ್ತಿದರೆ ಜಾರುವುದು ಗ್ಯಾರಂಟಿ. ಗೋಣಿಚೀಲಕ್ಕೆ ಬೂಟು ಚೆನ್ನಾಗಿ ಒರೆಸಿ ಹತ್ತಿ.

ಹೆಜ್ಜೆ 6: ಬೆಲ್ಟ್

ಸೊಂಟದ ಬೆಲ್ಟ್ ಬೇಡ. ಬಿದ್ದಾಗ ಅದು ಮನುಷ್ಯನನ್ನು ನಡುವಿನಲ್ಲಿ ಮಡಚುತ್ತದೆ. ಹೆಗಲು, ಎದೆ, ತೊಡೆ ಎಲ್ಲ ಸುತ್ತುವ ಫುಲ್ ಬಾಡಿ ಹಾರ್ನೆಸ್ ಬೇಕು. ಐಎಸ್ 3521 ಗುರುತು ನೋಡಿ ಕೊಳ್ಳಿ. ಬೆನ್ನಿನ ರಿಂಗ್ ಎರಡು ಹೆಗಲ ಮೂಳೆಯ ನಡುವೆ ಬರಬೇಕು. ತೊಡೆಯ ಪಟ್ಟಿಯೊಳಗೆ ಚಪ್ಪಟೆ ಅಂಗೈ ತೂರಬೇಕು, ಮುಷ್ಟಿ ತೂರಬಾರದು.

ವೆಲ್ಡಿಂಗ್ ಮಾಡುವ ನಮ್ಮಂಥವರು ದಿನಾ ಪಟ್ಟಿ ಮಡಚಿ ನೋಡಬೇಕು. ಕಿಡಿ ಬಿದ್ದ ಕಡೆ ಸಾಸಿವೆ ಕಾಳಿನಷ್ಟು ಗಟ್ಟಿ ಕಪ್ಪು ಚುಕ್ಕೆ ಇರುತ್ತದೆ. ಮಡಚಿದಾಗ ಅಲ್ಲಿ ಎಳೆ ಬಿಡುತ್ತದೆ. ಅಂಥದ್ದನ್ನು ಕತ್ತರಿಸಿ ಎಸೆಯಿರಿ, ಇನ್ನೊಬ್ಬ ಎತ್ತಿಕೊಂಡು ಹಾಕಿಕೊಳ್ಳದಿರಲಿ. ಹಾಗೆಯೇ ವೆಲ್ಡಿಂಗ್ ಅರ್ಥ್ ಅನ್ನು ಬುಟ್ಟಿಗೆ ಕೊಡಬೇಡಿ, ಕೆಲಸ ನಡೆಯುವ ಕಬ್ಬಿಣಕ್ಕೇ ಕೊಡಿ.

ಹಗ್ಗ ಎಷ್ಟು ಉದ್ದ ಅನ್ನುವುದರಲ್ಲೇ ಬಹಳ ಜನ ತಪ್ಪುತ್ತಾರೆ. ಬುಟ್ಟಿಯಲ್ಲಿ ಹಗ್ಗದ ಕೆಲಸ ಬಿದ್ದವನನ್ನು ಹಿಡಿಯುವುದಲ್ಲ, ಹೊರಗೆ ಹೋಗದಂತೆ ಎಳೆದಿಡುವುದು. ಕಟಕಟೆ ದಾಟಲಾಗದಷ್ಟು ಗಿಡ್ಡ ಇರಬೇಕು. 1.8 ಮೀಟರ್ ಹಗ್ಗ ಕಟ್ಟಿಕೊಂಡು ಕೆಳಮಟ್ಟದಲ್ಲಿ ಕೆಲಸ ಮಾಡಿದರೆ, ಹಗ್ಗ ಬಿಗಿಯುವುದರೊಳಗೆ ಕಾಲು ನೆಲಕ್ಕೆ ಬಡಿದಿರುತ್ತದೆ. ಸಿಕ್ಕಿಸುವುದು ಬುಟ್ಟಿಯ ಗುರುತು ಮಾಡಿದ ಕೊಕ್ಕೆಗೆ ಮಾತ್ರ. ಶೆಡ್‌ನ ಟ್ರಸ್‌ಗೆ, ಅಂದರೆ ಛಾವಣಿ ಹೊತ್ತ ಕಬ್ಬಿಣದ ಚೌಕಟ್ಟಿಗೆ ಕಟ್ಟಿಕೊಂಡರೆ, ಬುಟ್ಟಿ ಇಳಿದಾಗ ನೀವು ಮೇಲೆ ನೇತಾಡುತ್ತೀರಿ.

ಹೆಜ್ಜೆ 7: ಮೇಲೆ ಹೋದ ಮೇಲೆ

ಬಹಳಷ್ಟು ಬೂಮ್ ಬುಟ್ಟಿಗಳ ಮಿತಿ 230 ಕೆಜಿ ಆಸುಪಾಸು. ಬೂಟು, ಬೆಲ್ಟ್ ಸೇರಿ ಇಬ್ಬರು 160 ಕೆಜಿ. ಡ್ರಿಲ್, ಸ್ಕ್ರೂ, ಚೀಲ 20. ಉಳಿದದ್ದು 50. ಹನ್ನೆರಡು ಅಡಿಯ ತಗಡು ಒಂದೊಂದೂ ಸುಮಾರು 16–17 ಕೆಜಿ. ಲೆಕ್ಕಕ್ಕೆ ಮೂರು ಹಿಡಿಸಿತು ಅಂತ ಕಂಡರೂ ತಗಡನ್ನು ಬುಟ್ಟಿಯ ಹೊರಗೆ ಚಾಚಿ ಒಯ್ಯಬೇಡಿ. ಅದು ಹಡಗಿನ ಹಾಯಿ ಇದ್ದಂತೆ, ಗಾಳಿ ಹಿಡಿದರೆ ಯಂತ್ರವನ್ನೇ ತಳ್ಳುತ್ತದೆ. ತಗಡು ಬೇರೆ ದಾರಿಯಲ್ಲಿ ಏರಲಿ, ಜನ ಬೇರೆ ದಾರಿಯಲ್ಲಿ ಏರಲಿ.

ಬೂಮ್ ಲಿಫ್ಟ್‌ನಲ್ಲಿ ಬೀಳುವುದಕ್ಕಷ್ಟೇ ಹೆದರಿದರೆ ಸಾಲದು, ಸಿಕ್ಕಿಕೊಳ್ಳುವುದಕ್ಕೂ ಹೆದರಬೇಕು. ತಲೆ ಮೇಲಿನ ಪರ್ಲಿನ್ (ತಗಡು ಕೂರಿಸುವ ಅಡ್ಡ ಕಂಬಿ) ನೋಡದೆ ಏರಿಸುತ್ತೀರಿ. ಕಟಕಟೆ ಮತ್ತು ಪರ್ಲಿನ್ ನಡುವೆ ಎದೆ ಸಿಕ್ಕುತ್ತದೆ. ಮೈ ಕಂಟ್ರೋಲ್ ಮೇಲೆ ಒರಗುತ್ತದೆ, ಲಿವರ್ ಒತ್ತಿಯೇ ಇರುತ್ತದೆ, ಬುಟ್ಟಿ ಏರುತ್ತಲೇ ಇರುತ್ತದೆ. ಕೂಗಲು ಉಸಿರಿರುವುದಿಲ್ಲ. ಆದ್ದರಿಂದ ಟ್ರಸ್ ಹತ್ತಿರ ಬಂದಾಗ ವೇಗ ಕಡಿಮೆ ಮಾಡಿ, ಹೋಗುವ ದಿಕ್ಕನ್ನೇ ನೋಡಿ, ಕೈ ಕಟಕಟೆಯ ಒಳಗಿರಲಿ. ಕಾಲಿನ ಪೆಡಲ್ ಒತ್ತಿದರೆ ಮಾತ್ರ ಲಿವರ್ ಕೆಲಸ ಮಾಡುವಂತೆ ಇಟ್ಟಿರುವುದು ಇದಕ್ಕೇ. ಪೆಡಲ್‌ಗೆ ಕಲ್ಲು ಇಟ್ಟು ಆರಾಮ ಮಾಡಿಕೊಂಡವರನ್ನು ನೋಡಿದ್ದೇನೆ. ಅಂಥವರ ಜೊತೆ ನಾನು ಹತ್ತುವುದಿಲ್ಲ.

ಕಟಕಟೆ ಮೇಲೆ ನಿಲ್ಲುವುದು, ಒಳಗೆ ಸ್ಟೂಲ್ ಇಡುವುದು ಬೇಡ. ಎಟುಕದಿದ್ದರೆ ಯಂತ್ರ ಸರಿಸಿ. ಬುಟ್ಟಿ ಬಿಟ್ಟು ಛಾವಣಿಗೆ ಕಾಲಿಡಬೇಡಿ, ಅದರಲ್ಲೂ ಹಳೆಯ ಸಿಮೆಂಟ್ ಶೀಟ್ ಮೇಲೆ. ನೋಡಲು ಗಟ್ಟಿ, ಕಾಲಿಟ್ಟರೆ ಹಪ್ಪಳ. ಬೆಳಕಿಗೆಂದು ನಡುವೆ ಹಾಕಿದ ಪ್ಲಾಸ್ಟಿಕ್ ಶೀಟ್ ಧೂಳು ಹಿಡಿದು ತಗಡಿನ ಬಣ್ಣವೇ ಆಗಿರುತ್ತದೆ.

ಕೆಳಗೆ ಹಗ್ಗ ಕಟ್ಟಿ ಜಾಗ ಬೇರೆ ಮಾಡಿ. ಮಕ್ಕಳು, ದನ, ಚಹಾ ತರುವ ಹುಡುಗ ಯಾರೂ ಬುಟ್ಟಿಯ ಕೆಳಗೆ ಬರಬಾರದು. ಸನ್ನೆ ಮೊದಲೇ ಮಾತಾಡಿಕೊಳ್ಳಿ. ಗೋಳಗುಮ್ಮಟದಲ್ಲಾದರೆ ಆಚೆ ಗೋಡೆಯ ಪಿಸುಮಾತೂ ಈಚೆ ಕೇಳುತ್ತದೆ, ಡೀಸೆಲ್ ಎಂಜಿನ್ ಪಕ್ಕದಲ್ಲಿ ಬೊಬ್ಬೆಯೂ ಕೇಳುವುದಿಲ್ಲ. ಮುಷ್ಟಿ ಎತ್ತಿದರೆ ನಿಲ್ಲಿಸು, ಅಂಗೈ ಕೆಳಗೆ ಬಡಿದರೆ ಇಳಿಸು. ಎರಡೇ ಸಾಕು.

ಹೆಜ್ಜೆ 8: ಗಾಳಿ, ಬಿಸಿಲು

ಬಯಲಲ್ಲಿ ಬಳಸುವ ಹೆಚ್ಚಿನ ಬೂಮ್ ಲಿಫ್ಟ್‌ಗಳಿಗೆ ಗಾಳಿಯ ಮಿತಿ ಸೆಕೆಂಡಿಗೆ 12.5 ಮೀಟರ್, ಅಂದರೆ ತಾಸಿಗೆ 45 ಕಿಲೋಮೀಟರ್. ಅಳೆಯುವ ಸಾಧನ ಇಲ್ಲದಿದ್ದರೆ ಬೇವಿನ ಮರ ನೋಡಿ. ಧೂಳು, ಕಾಗದ ಏಳುತ್ತಿದ್ದರೆ ಗಾಳಿ ತಾಸಿಗೆ 20ರಿಂದ 28 ಕಿಲೋಮೀಟರ್ ಒಳಗೆ. ತಗಡಿನ ಕೆಲಸ ಅಲ್ಲಿಗೇ ನಿಲ್ಲಿಸಿ. ದೊಡ್ಡ ಕೊಂಬೆಗಳೇ ಆಡುತ್ತಿದ್ದರೆ ಮಿತಿ ಬಂದೇಬಿಟ್ಟಿದೆ, ನೀವು ಆಗಲೇ ಕೆಳಗಿರಬೇಕಿತ್ತು. ಆಷಾಢದ ಗಾಳಿಯಲ್ಲಿ ಛಾವಣಿ ಕೆಲಸ ಒಪ್ಪಿಕೊಳ್ಳಬೇಡಿ. ಏಪ್ರಿಲ್, ಮೇನಲ್ಲಿ ಬೆಳಿಗ್ಗೆ ಆರಕ್ಕೆ ಶುರು ಮಾಡಿ ಹತ್ತೂವರೆಗೆ ಇಳಿದುಬಿಡಿ. ಮಧ್ಯಾಹ್ನ ತಗಡು ಮುಟ್ಟಲೂ ಆಗುವುದಿಲ್ಲ, ಸಂಜೆ ಗುಡುಗಿನ ಜೊತೆ ಗಾಳಿ ಏಳುತ್ತದೆ.

ಹೆಜ್ಜೆ 9: ಇಳಿಸುವವನು

ಮೇಲೆ ಒಬ್ಬರಿದ್ದರೂ ಕೆಳಗೆ ಒಬ್ಬ ಇರಲೇಬೇಕು. ಆತನಿಗೆ ಬೇರೆ ಕೆಲಸ ಕೊಡಬೇಡಿ. ಕೆಳಗಿನ ಕಂಟ್ರೋಲ್ ಮತ್ತು ತುರ್ತು ಪಂಪ್ ಅವನೇ ಸ್ವತಃ ನಡೆಸಿ ನೋಡಿರಬೇಕು. ಕೀಲಿ ಯಂತ್ರದಲ್ಲೇ ಇರಲಿ. ಕೀಲಿ ಜೇಬಿಗೆ ಹಾಕಿಕೊಂಡು ಊಟಕ್ಕೆ ಹೋದ ಆಪರೇಟರ್‌ಗಾಗಿ ನಾನು ಮುಕ್ಕಾಲು ತಾಸು ಮೇಲೆ ಕಾದಿದ್ದೇನೆ.

ನನ್ನ ಹುಡುಗನಿಗೆ ಮೊದಲ ಸಲ ಅಭ್ಯಾಸ ಮಾಡಿಸಿದಾಗ ನಾನು ಬುಟ್ಟಿಯಲ್ಲಿ ಸುಮ್ಮನೆ ಕುಳಿತೆ. "ನನಗ ಎಚ್ಚರ ತಪ್ಪೇತಿ ಅಂತ ತಿಳಕೊ, ಇಳಸು" ಅಂದೆ. ನಾಲ್ಕು ನಿಮಿಷ ಹಿಡಿಯಿತು. ಸ್ವಿಚ್ ಒಂದು ಮುಚ್ಚಳದೊಳಗಿತ್ತು, ಅವನು ಆ ಮುಚ್ಚಳ ತೆಗೆದೇ ಇರಲಿಲ್ಲ. ಎರಡನೇ ಸಲ ಒಂದು ನಿಮಿಷದೊಳಗೆ ಮುಗಿಯಿತು. ಹಾರ್ನೆಸ್‌ನಲ್ಲಿ ಅಲ್ಲಾಡದೆ ನೇತಾಡುವವನ ರಕ್ತ ಕಾಲಲ್ಲೇ ನಿಂತು, ಕೆಲವೇ ನಿಮಿಷದಲ್ಲಿ ಎಚ್ಚರ ತಪ್ಪಬಹುದು. ಆಗ ಮುಚ್ಚಳ ಹುಡುಕುತ್ತಾ ಕೂರುವಷ್ಟು ಸಮಯ ಇರುವುದಿಲ್ಲ.

ಯಾರಾದರೂ ಬಿದ್ದರೆ ಎತ್ತಿ ಕೂರಿಸಬೇಡಿ, ಕುತ್ತಿಗೆ ಅಲ್ಲಾಡಿಸಬೇಡಿ. 108ಕ್ಕೆ ಫೋನ್ ಮಾಡಿ. ಕೆಲಸ ಶುರುವಾಗುವ ಮೊದಲೇ ಊರು, ಹತ್ತಿರದ ಗುಡಿ ಅಥವಾ ಶಾಲೆ, ಡಾಂಬರು ರಸ್ತೆಯಿಂದ ಎಷ್ಟು ದೂರ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಶೆಡ್‌ನ ಕಂಬಕ್ಕೆ ಅಂಟಿಸಿರಿ. ಗಾಬರಿಯಲ್ಲಿ ತೋಟದ ಮಾಲೀಕನಿಗೇ ತನ್ನ ಹೊಲದ ದಾರಿ ಹೇಳಲು ಬರುವುದಿಲ್ಲ. ಜೊತೆಗೆ ಒಬ್ಬನನ್ನು ಬೈಕ್ ಕೊಟ್ಟು ಡಾಂಬರು ರಸ್ತೆಗೆ ಕಳಿಸಿ, ಆಂಬುಲೆನ್ಸ್ ಬಂದ ಕೂಡಲೇ ಮುಂದೆ ನಿಂತು ಕರೆದುಕೊಂಡು ಬರಲಿ.